ಶುಶ್ರೂಷೆಯ ಮೂಲ ಪರಿಕಲ್ಪನೆಗಳು ಮತ್ತು ಕನ್ನಡದ ಹೊಣೆ

ಕನ್ನಡದ ಶಾಸ್ತ್ರಸಾಹಿತ್ಯದ ಚರ್ಚೆಯಲ್ಲಿ ವೈದ್ಯಗ್ರಂಥಗಳಿಗೆ ಹಿಂದಿನಿಂದಲೂ ಒಂದು ಸ್ಥಾನವಿದೆ. ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ಕೀರ್ತಿವರ್ಮನ ‘ಗೋವೈದ್ಯ’, ಮಂಗರಾಜನ ‘ಖಗೇಂದ್ರಮಣಿದರ್ಪಣ’ ಮೊದಲಾದ ಕೃತಿಗಳು ಸ್ನಾತಕೋತ್ತರ ತರಗತಿಗಳಲ್ಲಿ ಪ್ರಸ್ತಾಪಗೊಳ್ಳುತ್ತವೆ. ಆಧುನಿಕ ಕಾಲದಲ್ಲಿ ಅನುಪಮಾ ನಿರಂಜನ ಅವರಂತಹ ವೈದ್ಯ ಲೇಖಕರು ‘ತಾಯಿ-ಮಗು’ವಿನಂತಹ ಪುಸ್ತಕಗಳ ಮೂಲಕ ಆರೋಗ್ಯದ ತಿಳಿವಳಿಕೆಯನ್ನು ಮನೆಮನೆಗೆ ತಲುಪಿಸಿದ್ದಾರೆ. ಆದರೆ ವೈದ್ಯ ಬಂದು ಹೋದ ಮೇಲೆ ಹಗಲು ರಾತ್ರಿ ರೋಗಿಯ ಬಳಿ ಇರುವ ಶುಶ್ರೂಷಕಿಯ ಜ್ಞಾನವು ಈ ಚರ್ಚೆಯೊಳಗೆ ಬಂದಿಲ್ಲವೆಂದೇ ಹೇಳಬೇಕು. ಔಷಧದ ಶಾಸ್ತ್ರ ಕನ್ನಡದ ವಿದ್ವತ್ತಿನ ವಸ್ತುವಾಗಿದೆ. ಆರೈಕೆಯ ಶಾಸ್ತ್ರ ಆಗಿಲ್ಲ.

ಶುಶ್ರೂಷಾ ಪದವಿಯ ಮೊದಲ ವರ್ಷದಲ್ಲಿ ಕಲಿಸುವ ‘ನರ್ಸಿಂಗ್ ಫೌಂಡೇಶನ್’ ಎಂಬ ವಿಷಯವು ಈ ಶಾಸ್ತ್ರದ ತಳಪಾಯ. ದೇಹದ ಉಷ್ಣತೆ, ನಾಡಿ, ಉಸಿರಾಟ, ರಕ್ತದೊತ್ತಡಗಳನ್ನು ಅಳೆಯುವುದು, ಕೈ ತೊಳೆಯುವುದು, ಹಾಸಿಗೆ ಹಾಸುವುದು, ಮಗ್ಗುಲು ಬದಲಿಸುವುದು, ಔಷಧ ಕೊಡುವುದು, ರೋಗಿಯೊಡನೆ ಮಾತನಾಡುವುದು, ಕಂಡದ್ದನ್ನು ಕೇಳಿದ್ದನ್ನು ದಾಖಲಿಸುವುದು ಇವೆಲ್ಲ ಅದರಲ್ಲಿ ಸೇರಿವೆ. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಪ್ರಕಟಿಸಿದ ಸೆಮಿಸ್ಟರ್ ಪದ್ಧತಿಯ ಪಠ್ಯಕ್ರಮದಲ್ಲಿ ಇದು ಮೊದಲೆರಡು ಸೆಮಿಸ್ಟರುಗಳಲ್ಲಿ ಹರಡಿಕೊಂಡಿದೆ. ಬೋಧನೆ, ಪಠ್ಯಪುಸ್ತಕ, ಪರೀಕ್ಷೆ ಎಲ್ಲವೂ ಇಂಗ್ಲಿಷಿನಲ್ಲಿ. ಪರೀಕ್ಷೆಯ ಮುನ್ನ ನಡೆಯುವ ಪುನರಾವಲೋಕನವೆಂದರೆ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡುವುದು ಎಂಬಂತಾಗಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿನಿಗೆ ಈ ವ್ಯಾಖ್ಯೆಗಳ ಭಾಷೆ ಹೊಸದು. ಕೇರಳದಿಂದಲೋ ಈಶಾನ್ಯ ರಾಜ್ಯಗಳಿಂದಲೋ ಕರ್ನಾಟಕಕ್ಕೆ ಬಂದು ಕಲಿಯುವವಳಿಗೆ ರೋಗಿಯ ಭಾಷೆ ಹೊಸದು. ಒಬ್ಬಳಿಗೆ ಪುಸ್ತಕ ದೂರ, ಇನ್ನೊಬ್ಬಳಿಗೆ ಹಾಸಿಗೆ ದೂರ.

ಶುಶ್ರೂಷೆಯ ಮೂಲ ಪರಿಕಲ್ಪನೆಗಳಲ್ಲಿ ಬಹುಪಾಲು ಭಾಷೆಯನ್ನು ಆಧರಿಸಿಯೇ ನಿಂತಿವೆ. ಆದ್ದರಿಂದ ಅವುಗಳ ಪುನರಾವಲೋಕನವು ರೋಗಿಯ ನುಡಿಯೊಳಗೆ ನಡೆಯದ ಹೊರತು ಪೂರ್ಣವಾಗದು ಎಂಬುದು ಪ್ರಸ್ತುತ ಲೇಖನದ ವಾದ. ಇದು ಇಂಗ್ಲಿಷನ್ನು ಹೊರಹಾಕಬೇಕೆಂಬ ವಾದವಲ್ಲ. ಕನ್ನಡ ವಿಭಾಗಗಳು ತಮ್ಮ ಕೆಲಸವೆಂದು ಇನ್ನೂ ಗುರುತಿಸಿಕೊಳ್ಳದ ಒಂದು ಕ್ಷೇತ್ರವನ್ನು ತೋರಿಸುವುದಷ್ಟೇ ಇಲ್ಲಿಯ ಉದ್ದೇಶ.

1. ಪದಗಳು ಹೇಳುವುದೇನು?

ಮೊದಲಿಗೆ ಈ ವೃತ್ತಿಗೆ ಕನ್ನಡದಲ್ಲಿರುವ ಹೆಸರುಗಳನ್ನೇ ಪರಿಶೀಲಿಸಬಹುದು. ‘ಶುಶ್ರೂಷೆ’ ಎಂಬುದು ಸಂಸ್ಕೃತದ ‘ಶ್ರು’ ಧಾತುವಿನ ಸನ್ನಂತ ರೂಪದಿಂದ ಬಂದುದು. ಕೇಳುವ ಇಚ್ಛೆ ಎಂಬುದು ಅದರ ಮೂಲಾರ್ಥ. ಗುರುವಿನ ಮಾತನ್ನು ಕೇಳಬಯಸುವ ಶಿಷ್ಯನ ನಡವಳಿಕೆಯಿಂದ ವಿಧೇಯತೆ, ಸೇವೆ ಎಂಬ ಅರ್ಥಗಳು ಹುಟ್ಟಿ, ಕೊನೆಗೆ ರೋಗಿಯ ಸೇವೆ ಎಂಬಲ್ಲಿ ಪದ ನೆಲೆಗೊಂಡಿದೆ. ಇಂದು ‘ಶುಶ್ರೂಷಕಿ’ ಎಂದಾಗ ಸೇವೆ ನೆನಪಾಗುತ್ತದೆ, ಕೇಳುವಿಕೆ ನೆನಪಾಗುವುದಿಲ್ಲ.

‘ಆರೈಕೆ’ ಅಚ್ಚಗನ್ನಡದ ಪದ. ಹಳಗನ್ನಡದ ‘ಆರಯ್’ ಧಾತುವಿಗೆ ಹುಡುಕು, ವಿಚಾರಿಸು, ಪರಿಶೀಲಿಸು ಎಂಬ ಅರ್ಥಗಳೂ ಪಾಲಿಸು, ಸಲಹು ಎಂಬ ಅರ್ಥಗಳೂ ಇವೆ. ತಮಿಳಿನ ‘ಆರಾಯ್’ ಇಂದಿಗೂ ಸಂಶೋಧಿಸು ಎಂಬ ಅರ್ಥದಲ್ಲಿ ಬಳಕೆಯಲ್ಲಿದೆ. ಪರಿಶೀಲಿಸುವುದು ಮತ್ತು ಸಲಹುವುದು ಒಂದೇ ಧಾತುವಿನಲ್ಲಿ ಕೂಡಿರುವುದು ಗಮನಾರ್ಹ. ಆಧುನಿಕ ಶುಶ್ರೂಷಾಶಾಸ್ತ್ರವು ತನ್ನ ಪ್ರಕ್ರಿಯೆಯ ಮೊದಲ ಹಂತವಾಗಿ ರೋಗಿಯ ಸ್ಥಿತಿಯ ಪರಿಶೀಲನೆಯನ್ನು ಇರಿಸುತ್ತದೆ. ಪರಿಶೀಲನೆಯಿಲ್ಲದ ಆರೈಕೆ ಆರೈಕೆಯೇ ಅಲ್ಲ ಎಂಬುದನ್ನು ಕನ್ನಡದ ಧಾತು ತನ್ನ ರೀತಿಯಲ್ಲಿ ಹೇಳುತ್ತಿದೆ. ‘ಉಪಚಾರ’ದಲ್ಲಿ ಬಳಿಗೆ ಹೋಗುವ ಅರ್ಥವಿದೆ. ‘ದಾದಿ’ಯನ್ನು ‘ಧಾತ್ರೀ’ ಶಬ್ದದೊಂದಿಗೆ ಸಂಬಂಧಿಸಲಾಗುತ್ತದೆ. ಎದೆಹಾಲೂಡಿ ಸಾಕುವವಳು ಎಂಬ ಅರ್ಥ ಅದರ ಹಿಂದಿದೆ. ಇಂಗ್ಲಿಷಿನ ‘ನರ್ಸ್’ ಪದದ ಚರಿತ್ರೆಯೂ ಇದೇ ಬಗೆಯದು.

ಪದನಿಷ್ಪತ್ತಿಯಿಂದಲೇ ಶಾಸ್ತ್ರ ಹುಟ್ಟುವುದಿಲ್ಲವೆಂಬುದು ನಿಜ. ಆದರೆ ಕೇಳುವುದು, ಪರಿಶೀಲಿಸುವುದು, ಬಳಿಗೆ ಹೋಗುವುದು, ಉಣಿಸುವುದು ಎಂಬ ನಾಲ್ಕೂ ಕ್ರಿಯೆಗಳು ಮೊದಲ ವರ್ಷದ ಪಠ್ಯದ ಅಧ್ಯಾಯಗಳೇ ಆಗಿವೆ ಎಂಬುದನ್ನು ಮರೆಯಲಾಗದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಯ ನಾಲ್ಕು ಪಾದಗಳನ್ನು ಹೇಳುವಾಗ ವೈದ್ಯ, ದ್ರವ್ಯ, ರೋಗಿಗಳೊಡನೆ ‘ಉಪಸ್ಥಾತಾ’ ಎಂದರೆ ಪರಿಚಾರಕನನ್ನೂ ಸೇರಿಸಲಾಗಿದೆ. ಉಪಚಾರದ ಅರಿವು, ದಕ್ಷತೆ, ಅನುರಾಗ, ಶೌಚ ಇವು ಪರಿಚಾರಕನ ಗುಣಗಳು. ರೋಗಿಗೆ ಇರಬೇಕಾದ ಗುಣಗಳಲ್ಲಿ ‘ಜ್ಞಾಪಕತ್ವ’ವೂ ಒಂದು, ತನ್ನ ರೋಗವನ್ನು ತಿಳಿಯಪಡಿಸುವ ಶಕ್ತಿ ಎಂದು ಅದರ ಅರ್ಥ. ತಿಳಿಯಪಡಿಸುವ ರೋಗಿ ಮತ್ತು ಕೇಳಬಲ್ಲ ಶುಶ್ರೂಷಕಿ, ಇವರಿಬ್ಬರ ನಡುವೆ ಒಂದು ಭಾಷೆ ಇರಲೇಬೇಕು. ಇಂದಿನ ಆಸ್ಪತ್ರೆಗಳಲ್ಲಿ ಆ ಭಾಷೆ ಯಾವುದು ಎಂಬ ಪ್ರಶ್ನೆಯನ್ನು ಕನ್ನಡದ ವಿದ್ವಾಂಸರಲ್ಲದೆ ಬೇರೆ ಯಾರು ಕೇಳಬೇಕು?

2. ಮೂಲ ಪರಿಕಲ್ಪನೆಗಳ ಭಾಷಿಕ ನೆಲೆ

ಫ್ಲಾರೆನ್ಸ್ ನೈಟಿಂಗೇಲ್ ಅವರ ‘ನೋಟ್ಸ್ ಆನ್ ನರ್ಸಿಂಗ್’ 1859ರ ಕೊನೆಯಲ್ಲಿ ಹೊರಬಂದಿತು. ಗಾಳಿ, ಬೆಳಕು, ಶುಚಿ, ನಿಶ್ಶಬ್ದ, ಆಹಾರ ಇವುಗಳ ಕುರಿತ ಅವರ ವಿಚಾರಗಳನ್ನು ಎಲ್ಲ ಪಠ್ಯಗಳೂ ಉಲ್ಲೇಖಿಸುತ್ತವೆ. ಅದೇ ಪುಸ್ತಕದಲ್ಲಿ ರೋಗಿಯ ಅವಲೋಕನದ ಕುರಿತ ಭಾಗದಲ್ಲಿ ಅವರು ಪ್ರಶ್ನೆ ಕೇಳುವ ಕ್ರಮವನ್ನು ವಿವರವಾಗಿ ಚರ್ಚಿಸಿರುವುದು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಉತ್ತರವನ್ನು ತನ್ನೊಳಗೇ ಇರಿಸಿಕೊಂಡ ಪ್ರಶ್ನೆಯು ತಪ್ಪು ಮಾಹಿತಿಯನ್ನು ತರುತ್ತದೆಂದು ಅವರು ಎಚ್ಚರಿಸುತ್ತಾರೆ. ರಾತ್ರಿ ಚೆನ್ನಾಗಿ ಕಳೆಯಿತೇ ಎಂದು ಕೇಳುವುದರ ಬದಲು ಎಷ್ಟು ಗಂಟೆ, ಯಾವ ಯಾವ ಹೊತ್ತಿನಲ್ಲಿ ನಿದ್ದೆ ಬಂದಿತು ಎಂದು ಕೇಳಬೇಕೆಂಬುದು ಅವರ ಅಭಿಪ್ರಾಯ. ಶುಶ್ರೂಷೆಯ ಮೊದಲ ಆಧುನಿಕ ಕೃತಿಯಲ್ಲಿಯೇ ಪ್ರಶ್ನಾವಾಕ್ಯದ ರಚನೆ ಒಂದು ವೈದ್ಯಕೀಯ ಸಂಗತಿಯಾಗಿ ಬಂದಿದೆ.

ವರ್ಜೀನಿಯಾ ಹೆಂಡರ್ಸನ್ ಅವರ ‘ದಿ ನೇಚರ್ ಆಫ್ ನರ್ಸಿಂಗ್’ 1966ರಲ್ಲಿ ಪ್ರಕಟವಾಯಿತು. ಶಕ್ತಿ, ಸಂಕಲ್ಪ, ತಿಳಿವಳಿಕೆಗಳಿದ್ದಿದ್ದರೆ ವ್ಯಕ್ತಿಯು ತಾನೇ ಮಾಡಿಕೊಳ್ಳುತ್ತಿದ್ದ ಕೆಲಸಗಳಲ್ಲಿ ನೆರವಾಗುವುದೇ ಶುಶ್ರೂಷೆ ಎಂಬುದು ಅವರ ಸಿದ್ಧಾಂತದ ತಿರುಳು. ಅವರು ಗುರುತಿಸಿದ 14 ಮೂಲ ಅಗತ್ಯಗಳಲ್ಲಿ ಉಸಿರಾಟ, ಆಹಾರ, ವಿಸರ್ಜನೆ, ಚಲನೆ, ನಿದ್ರೆಗಳ ಸಾಲಿನಲ್ಲಿಯೇ ತನ್ನ ಭಾವನೆ, ಅಗತ್ಯ, ಭಯಗಳನ್ನು ಇತರರಿಗೆ ತಿಳಿಸುವುದೂ ಸೇರಿದೆ. ಮಾತು ಇಲ್ಲಿ ಸೌಜನ್ಯದ ವಿಷಯವಾಗಿ ಬರುವುದಿಲ್ಲ, ಉಸಿರಿನಂತೆಯೇ ಒಂದು ಅಗತ್ಯವಾಗಿ ಬರುತ್ತದೆ.

ಇಡಾ ಜೀನ್ ಒರ್ಲಾಂಡೊ 1961ರಲ್ಲಿ ಮಂಡಿಸಿದ ವಿಚಾರ ಇನ್ನೂ ಮುಂದಕ್ಕೆ ಹೋಗುತ್ತದೆ. ರೋಗಿಯ ನಡವಳಿಕೆಯನ್ನು ಕಂಡು ತನ್ನಲ್ಲಿ ಹುಟ್ಟಿದ ಊಹೆ ಸರಿಯೇ ಎಂಬುದನ್ನು ಶುಶ್ರೂಷಕಿ ರೋಗಿಯನ್ನೇ ಕೇಳಿ ಖಚಿತಪಡಿಸಿಕೊಳ್ಳಬೇಕು ಎಂಬುದು ಅದರ ಸಾರ. ಪದೇ ಪದೇ ಮಗಳನ್ನು ಕರೆಯುವ ವೃದ್ಧೆಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಆಕೆಗೆ ಮಗಳನ್ನು ನೋಡುವ ಹಂಬಲವಿರಬಹುದು; ಮೂತ್ರಕ್ಕೆ ಹೋಗಬೇಕೆಂಬುದನ್ನು ಅಪರಿಚಿತರಿಗೆ ಹೇಳಲು ಸಂಕೋಚವೂ ಇರಬಹುದು. ಈ ಎರಡರಲ್ಲಿ ಯಾವುದೆಂದು ತಿಳಿಯುವ ದಾರಿ ಮಾತೊಂದೇ.

ಇನ್ನು ದಾಖಲಾತಿಯ ವಿಚಾರ. ರೋಗಿ ಹೇಳಿದ ಮಾಹಿತಿ ಮತ್ತು ಶುಶ್ರೂಷಕಿ ಕಂಡು ಅಳೆದ ಮಾಹಿತಿ ಎಂಬ ವಿಂಗಡಣೆಯನ್ನು ಪ್ರತಿಯೊಂದು ಪಠ್ಯವೂ ಕಲಿಸುತ್ತದೆ. ಮೊದಲನೆಯದನ್ನು ಸಾಧ್ಯವಾದಷ್ಟೂ ರೋಗಿಯ ಮಾತುಗಳಲ್ಲಿಯೇ ಬರೆಯಬೇಕೆಂಬುದು ನಿಯಮ. ಆದರೆ ಕೇಸ್ ಶೀಟು ಇಂಗ್ಲಿಷಿನಲ್ಲಿದೆ. ‘ಎದೆ ಹಿಂಡಿದಂಗಾಗ್ತದೆ’ ಎಂದು ರೋಗಿ ಹೇಳಿದರೆ ‘ಚೆಸ್ಟ್ ಪೇನ್’ ಎಂದು ದಾಖಲಾಗುತ್ತದೆ. ಹಿಂಡಿದಂತೆ ಎಂಬ ವಿವರವೇ ರೋಗನಿರ್ಣಯಕ್ಕೆ ಬೇಕಾದದ್ದು. ಹೃದಯದ ರಕ್ತನಾಳ ಕಟ್ಟಿಕೊಂಡಾಗ ರೋಗಿಗಳು ಸಾಮಾನ್ಯವಾಗಿ ಹೇಳುವುದು ಹಿಂಡುವ, ಅದುಮುವ, ಭಾರ ಹೇರಿದಂತಹ ಅನುಭವವನ್ನೇ. ಶಾಸ್ತ್ರದ ನಿಯಮವೇ ಉಳಿಸೆಂದು ಹೇಳಿದ ಪದವನ್ನು ಶಾಸ್ತ್ರದ ಭಾಷೆ ಅಳಿಸಿಹಾಕುತ್ತಿದೆ. ಈ ವಿರೋಧಾಭಾಸವು ಕನ್ನಡ ವಿಭಾಗಗಳನ್ನು ಈ ಕ್ಷೇತ್ರಕ್ಕೆ ಕರೆಯುವ ಮೊದಲ ಕಾರಣವಾಗಿದೆ.

3. ನೋವಿನ ನುಡಿಗಳು

ನೋವಿನ ಪರಿಕಲ್ಪನೆಯನ್ನು ಪ್ರತ್ಯೇಕವಾಗಿ ನೋಡಬೇಕು. ಅನುಭವಿಸುವ ವ್ಯಕ್ತಿ ಏನೆಂದು ಹೇಳುತ್ತಾನೋ ಅದೇ ನೋವು, ಇದೆಯೆಂದು ಹೇಳಿದಾಗಲೆಲ್ಲ ಅದು ಇದೆ ಎಂಬ ನಿಲುವನ್ನು ಮಾರ್ಗೊ ಮೆಕ್‌ಕ್ಯಾಫರಿ ಎಂಬ ಅಮೆರಿಕದ ಶುಶ್ರೂಷಕಿ 1968ರಲ್ಲಿ ಮಂಡಿಸಿದರು. ಇಂದಿಗೂ ವಿದ್ಯಾರ್ಥಿಗಳು ಕಲಿಯುವ ಮೂಲ ತತ್ತ್ವವಿದು. ನೋವನ್ನು ಅಳೆಯುವ ಯಂತ್ರವಿಲ್ಲ. ರೋಗಿಯ ಹೇಳಿಕೆಯೇ ಇಲ್ಲಿ ಮುಖ್ಯ ಅಳತೆಗೋಲು. 1975ರಲ್ಲಿ ರೊನಾಲ್ಡ್ ಮೆಲ್ಜಾಕ್ ಪ್ರಕಟಿಸಿದ ಮೆಗಿಲ್ ನೋವು ಪ್ರಶ್ನಾವಳಿಯಲ್ಲಿ ಇಂಗ್ಲಿಷಿನ 78 ಪದಗಳನ್ನು 20 ಗುಂಪುಗಳಾಗಿ ಜೋಡಿಸಲಾಗಿದೆ. ಅದು ಮೂಲತಃ ಒಂದು ಪದಕೋಶೀಯ ಕಾರ್ಯ. ಜನ ತಮ್ಮ ನೋವನ್ನು ಯಾವ ಪದಗಳಿಂದ ಹೇಳುತ್ತಾರೆಂಬುದನ್ನು ಸಂಗ್ರಹಿಸಿ, ವರ್ಗೀಕರಿಸಿ, ತೀವ್ರತೆಗೆ ಅನುಗುಣವಾಗಿ ಕ್ರಮಗೊಳಿಸಿದ ಕೆಲಸ.

ಕನ್ನಡದಲ್ಲಿ ಈ ಸಂಪತ್ತು ಕಡಿಮೆಯೇನೂ ಇಲ್ಲ. ತಲೆ ಸಿಡಿಯುತ್ತದೆ, ಹೊಟ್ಟೆ ನುಲಿಯುತ್ತದೆ, ಎದೆ ಹಿಂಡುತ್ತದೆ, ಕಣ್ಣು ಚುಚ್ಚುತ್ತದೆ, ಹುಣ್ಣು ಉರಿಯುತ್ತದೆ, ಕಾಲು ಸೆಳೆಯುತ್ತದೆ, ಕೈ ಜೋಮು ಹಿಡಿಯುತ್ತದೆ, ಬೆನ್ನಿನಲ್ಲಿ ಚಳುಕು ಬರುತ್ತದೆ, ಹಲ್ಲು ಜುಮ್ಮೆನ್ನುತ್ತದೆ. ಒಂದೊಂದು ಅಂಗಕ್ಕೆ ಒಂದೊಂದು ಕ್ರಿಯಾಪದ ಹೊಂದಿಕೊಂಡಿರುವುದನ್ನು ಇಲ್ಲಿ ಕಾಣಬಹುದು. ಹೊಟ್ಟೆ ಸಿಡಿಯುತ್ತದೆ ಎಂದು ಸಾಮಾನ್ಯವಾಗಿ ಯಾರೂ ಹೇಳರು. ಇಂಗ್ಲಿಷಿನ ವೈದ್ಯಕೀಯ ಬರವಣಿಗೆಯಲ್ಲಿ ವಿಶೇಷಣಗಳು ಮಾಡುವ ಕೆಲಸವನ್ನು ಕನ್ನಡದಲ್ಲಿ ಹೆಚ್ಚಾಗಿ ಕ್ರಿಯಾಪದಗಳೂ ಅನುಕರಣ ಶಬ್ದಗಳೂ ಮಾಡುತ್ತವೆ. ಆದ್ದರಿಂದ ಇಂಗ್ಲಿಷ್ ಪ್ರಶ್ನಾವಳಿಯ ಪದಗಳನ್ನು ಒಂದೊಂದಾಗಿ ಅನುವಾದಿಸಿ ಕೊಟ್ಟರೆ ಸಾಲದು. ಕನ್ನಡದ ನೋವು ತನ್ನದೇ ವ್ಯಾಕರಣದಲ್ಲಿ ಮಾತನಾಡುತ್ತದೆ. ಅದರ ಸಂಗ್ರಹ ಆಸ್ಪತ್ರೆಯ ವಾರ್ಡುಗಳಲ್ಲಿಯೇ ಆಗಬೇಕು.

ಪ್ರಾದೇಶಿಕ ವ್ಯತ್ಯಾಸಗಳು ಈ ಅಗತ್ಯವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಹಳೆ ಮೈಸೂರಿನವರಿಗೆ ‘ಹುಷಾರಿಲ್ಲ’, ಉತ್ತರ ಕರ್ನಾಟಕದವರಿಗೆ ‘ಆರಾಮಿಲ್ಲ’, ಕರಾವಳಿಯವರಿಗೆ ‘ಸೌಖ್ಯ ಇಲ್ಲ’. ಮೈಸೂರಿನ ಕಡೆ ‘ಉರಿ’ ಎಂದರೆ ಸುಟ್ಟಂತಹ ವೇದನೆ. ಧಾರವಾಡದ ಕಡೆ ‘ಉರಿ ಬಂದಾವ’ ಎಂದರೆ ಜ್ವರ ಬಂದಿದೆ ಎಂದು. ದಕ್ಷಿಣದಿಂದ ಉತ್ತರಕ್ಕೆ ಕೆಲಸಕ್ಕೆ ಹೋದ ಕನ್ನಡತಿಯೂ ಇಲ್ಲಿ ಎಡವಬಹುದು. ‘ಹೊರಗೆ ಹೋಗುವುದು’ ಮಲವಿಸರ್ಜನೆ, ‘ಹೊರಗಾಗುವುದು’ ಮುಟ್ಟು. ಕಿವಿಗೆ ಹತ್ತಿರವಾದ ಈ ಎರಡು ಮಾತುಗಳ ನಡುವಿನ ಅಂತರ ತಿಳಿಯದಿದ್ದರೆ ದಾಖಲೆಯೇ ತಪ್ಪಾಗುತ್ತದೆ. ‘ಬಿಳಿ ಹೋಗುತ್ತದೆ’ ಎಂದು ತಲೆ ತಗ್ಗಿಸಿ ಹೇಳುವ ಹೆಣ್ಣಿನ ಮಾತು ಪರಭಾಷಿಕ ವಿದ್ಯಾರ್ಥಿನಿಗೆ ಅರ್ಥವಾಗದಿದ್ದರೆ ಆಕೆ ಅದನ್ನು ಎರಡನೆಯ ಸಲ ಹೇಳುವುದು ಕಷ್ಟ.

‘ಸುಸ್ತು’ ಎಂಬ ಪದದ ವ್ಯಾಪ್ತಿಯನ್ನೂ ನೋಡಬಹುದು. ದಣಿವು, ನಿಶ್ಶಕ್ತಿ, ತಲೆಸುತ್ತು, ನಡೆದರೆ ಉಸಿರು ಸಾಲದಿರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಇವೆಲ್ಲವೂ ಆ ಒಂದು ಪದದೊಳಗೆ ಸೇರುತ್ತವೆ. ‘ಗ್ಯಾಸ್ ಆಗಿದೆ’, ‘ಎದೆಯುರಿ’ ಎಂಬ ಮಾತುಗಳ ಹಿಂದೆ ಅಜೀರ್ಣವಿರಬಹುದು, ಹೃದಯಾಘಾತವೂ ಇರಬಹುದು. ಇದಕ್ಕೆ ವ್ಯತಿರಿಕ್ತವಾಗಿ ಉಸಿರಿನ ವಿಚಾರದಲ್ಲಿ ಕನ್ನಡ ಸೂಕ್ಷ್ಮವಾಗಿ ವಿಂಗಡಿಸುತ್ತದೆ. ಓಡಿ ಬಂದವನದು ಏದುಸಿರು. ಎದೆಯಲ್ಲಿ ಗೊರಗೊರ ಸದ್ದಿನೊಡನೆ ಬರುವುದು ಉಬ್ಬಸ. ಪ್ರಾಣ ಹೋಗುವ ಹೊತ್ತಿನದು ಮೇಲುಸಿರು. ಇಂಗ್ಲಿಷಿನಲ್ಲಿಯೂ ಇವಕ್ಕೆ ಬೇರೆ ಬೇರೆ ಸಂಜ್ಞೆಗಳಿವೆ. ಆದರೆ ಯಾವ ಕನ್ನಡ ಪದಕ್ಕೆ ಯಾವ ಸಂಜ್ಞೆ ಸಮೀಪ, ಯಾವ ಪದ ಕೇಳಿದಾಗ ಮುಂದೆ ಯಾವ ಪ್ರಶ್ನೆ ಕೇಳಬೇಕು ಎಂಬುದನ್ನು ತಿಳಿಸುವ ಕೈಪಿಡಿ ಮೊದಲ ವರ್ಷದ ವಿದ್ಯಾರ್ಥಿನಿಯ ಪಠ್ಯದ ಭಾಗವಾಗಿಲ್ಲ.

4. ಸೂಚನೆಯ ಭಾಷೆ ಮತ್ತು ಸುರಕ್ಷತೆ

ರೋಗಿಯಿಂದ ಬರುವ ಮಾತಿನಂತೆ ರೋಗಿಗೆ ಹೇಳುವ ಮಾತೂ ಮುಖ್ಯ. ಅರಿವಳಿಕೆ ಕೊಟ್ಟು ಮಾಡುವ ಶಸ್ತ್ರಚಿಕಿತ್ಸೆಗೆ ಮುನ್ನ ಹೊಟ್ಟೆ ಖಾಲಿಯಿರಬೇಕು. ಇಲ್ಲವಾದರೆ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಈ ಸೂಚನೆಯನ್ನು ‘ಊಟ ಮಾಡಬೇಡಿ’ ಎಂದು ಕೊಟ್ಟರೆ ಏನಾಗುತ್ತದೆ? ಕನ್ನಡಿಗರಿಗೆ ಊಟ ಬೇರೆ, ತಿಂಡಿ ಬೇರೆ, ಕುಡಿಯುವುದು ಬೇರೆ. ಅನ್ನ ಅಥವಾ ಮುದ್ದೆ, ರೊಟ್ಟಿ ಇದ್ದರೆ ಅದು ಊಟ. ಎರಡು ಇಡ್ಲಿ ಊಟವಲ್ಲ, ಒಂದು ಲೋಟ ಕಾಫಿ ಅಥವಾ ಎಳನೀರು ಖಂಡಿತವಾಗಿಯೂ ಊಟವಲ್ಲ. ಹಾಗಾಗಿ ರೋಗಿ ಸೂಚನೆಯನ್ನು ಅಕ್ಷರಶಃ ಪಾಲಿಸಿಯೂ ಹೊಟ್ಟೆ ತುಂಬಿಸಿಕೊಂಡಿರಬಹುದು. ಯಾವುದನ್ನು ಯಾವ ಹೊತ್ತಿನಿಂದ ಬಿಡಬೇಕೆಂದು ಗಟ್ಟಿ ಆಹಾರ, ಹಾಲು, ಕಾಫಿ, ನೀರು ಇವುಗಳನ್ನು ಒಂದೊಂದಾಗಿ ಹೆಸರಿಸಿ ಹೇಳುವುದೇ ಇದಕ್ಕೆ ಪರಿಹಾರ. ದ್ರವದ ಲೆಕ್ಕ ಬರೆಯುವಾಗಲೂ ಇದೇ ತೊಡಕು. ‘ನೀರು ಎಷ್ಟು ಕುಡಿದಿರಿ?’ ಎಂಬ ಪ್ರಶ್ನೆಗೆ ಬರುವ ಉತ್ತರದಲ್ಲಿ ಗಂಜಿ, ಮಜ್ಜಿಗೆ, ಸಾರುಗಳು ಸೇರಿರುವುದಿಲ್ಲ.

ಔಷಧ ಕೊಡುವಾಗ ಪಾಲಿಸಬೇಕಾದ ನಿಯಮಗಳಲ್ಲಿ ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ವೇಳೆ ಎಂಬ ಐದು ಪ್ರಸಿದ್ಧವಾಗಿವೆ. ಮೊದಲನೆಯದು ಪೂರ್ತಿಯಾಗಿ ಭಾಷೆಯ ವಿಷಯ. ‘ನೀವು ಲಕ್ಷ್ಮಮ್ಮನವರೇ?’ ಎಂದು ಕೇಳಿದರೆ ಕಿವಿ ಮಂದವಾದ ಹಿರಿಯರು, ಆಸ್ಪತ್ರೆಯ ವಾತಾವರಣಕ್ಕೆ ಅಂಜಿದವರು ‘ಹೂಂ’ ಎಂದುಬಿಡುತ್ತಾರೆ. ಕನ್ನಡದ ‘ಹೂಂ’ ಒಪ್ಪಿಗೆಯಾಗಿರಬಹುದು, ಕೇಳಿಸಿತು ಎಂಬುದರ ಸೂಚನೆಯಾಗಿರಬಹುದು, ಎದುರಿಗಿರುವವರ ಮೇಲಿನ ಗೌರವವೂ ಆಗಿರಬಹುದು. ‘ನಿಮ್ಮ ಹೆಸರು ಹೇಳಿ ಅಮ್ಮಾ’ ಎಂದು ಕೇಳಿ, ಬಂದ ಉತ್ತರವನ್ನು ಕೈಪಟ್ಟಿಯ ಹೆಸರಿನೊಡನೆ ಹೋಲಿಸಬೇಕು. ನೈಟಿಂಗೇಲ್ ಅವರ ಎಚ್ಚರಿಕೆ ಕನ್ನಡದ ಸಂದರ್ಭದಲ್ಲಿ ಪಡೆಯುವ ರೂಪ ಇದು.

ಸೋಂಕು ತಡೆಯ ಪರಿಕಲ್ಪನೆಯಲ್ಲಿ ‘ನಂಜು’ ಎಂಬ ಪದ ಅಮೂಲ್ಯವಾದುದು. ಗಾಯ ನಂಜಾಯಿತು ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಜನರ ನಂಬಿಕೆಯಲ್ಲಿ ಬದನೆಕಾಯಿಯೇ ಮೊದಲಾದ ಕೆಲವು ಆಹಾರಗಳೂ ನಂಜು. ಗಾಯ ಮಾಯಲು ಪೌಷ್ಟಿಕ ಆಹಾರ ಬೇಕಾದ ಹೊತ್ತಿನಲ್ಲಿ ಮನೆಯವರು ನಂಜೆಂದು ಅನೇಕ ಪದಾರ್ಥಗಳನ್ನು ಬಿಡಿಸುವುದುಂಟು. ಪದವನ್ನು ಬಳಸುವ ಶುಶ್ರೂಷಕಿಗೆ ಅದರ ಎರಡೂ ಮುಖಗಳು ತಿಳಿದಿರಬೇಕು. ಬದಲಿಗೆ ನಿಘಂಟಿನಿಂದ ‘ಪೂತಿ’, ‘ಅಪೂತಿ’ಗಳನ್ನು ತಂದರೆ ನಂಬಿಕೆಯ ತೊಡಕು ತಪ್ಪೀತು, ಅರ್ಥವೂ ತಪ್ಪಿಹೋದೀತು.

‘ಮಡಿ’ಯ ವಿಚಾರ ಇದಕ್ಕಿಂತ ಜಟಿಲವಾದುದು. ಕ್ರಿಮಿಶುದ್ಧವಾದ ಉಪಕರಣವನ್ನು ಕ್ರಿಮಿಶುದ್ಧವಲ್ಲದ್ದು ತಾಗಿದೊಡನೆ ಅದು ಕೆಡುತ್ತದೆ, ಸಂದೇಹವಿದ್ದರೂ ಕೆಟ್ಟಿತೆಂದೇ ಭಾವಿಸಬೇಕು ಎಂಬ ನಿಯಮವು ಮೇಲ್ನೋಟಕ್ಕೆ ಮಡಿಯ ನಿಯಮವನ್ನು ಹೋಲುತ್ತದೆ. ಸುಲಭವಾಗಿ ಅರ್ಥವಾಗಲೆಂದು ಈ ಹೋಲಿಕೆಯನ್ನು ತರಗತಿಯಲ್ಲಿ ಬಳಸುವ ಆಸೆ ಯಾರಿಗಾದರೂ ಬರಬಹುದು. ಅದನ್ನು ಬಳಸಕೂಡದು. ಮಡಿಯ ಚರಿತ್ರೆಯಲ್ಲಿ ವಸ್ತುವಿನ ಶುಚಿಯೊಡನೆ ಮನುಷ್ಯರ ಹುಟ್ಟೂ ಅಳತೆಗೋಲಾಗಿದೆ. ಅಸ್ಪೃಶ್ಯತೆಯ ನೋವು ಆ ಪದಕ್ಕೆ ಅಂಟಿಕೊಂಡಿದೆ. ಸೂಕ್ಷ್ಮಾಣುವಿಗೆ ಜಾತಿಯಿಲ್ಲ. ಕೈ ತೊಳೆಯದ ವೈದ್ಯನ ಕೈಯಲ್ಲಿಯೂ ಅದು ಇರುತ್ತದೆ ಎಂಬುದನ್ನು 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ನಡೆಸಿದ ಪ್ರಯತ್ನ, ಸೂಕ್ಷ್ಮಾಣು ಸಿದ್ಧಾಂತ ನೆಲೆಗೊಳ್ಳುವುದಕ್ಕೆ ಮುಂಚೆಯೇ, ಸೂಚಿಸಿತ್ತು. ಹಾಗೆ ನೋಡಿದರೆ ಮಲ, ಮೂತ್ರ, ರಕ್ತಗಳನ್ನು ಮುಟ್ಟುವ ಕೆಲಸವೆಂಬ ಕಾರಣಕ್ಕೆ ಶುಶ್ರೂಷೆಯನ್ನು ಕೀಳಾಗಿ ಕಂಡ ಸಮಾಜ ನಮ್ಮದು. ಆ ಕೀಳರಿಮೆಯನ್ನು ಹುಟ್ಟಿಸಿದ ಪದದಿಂದಲೇ ವೃತ್ತಿಯ ತತ್ತ್ವವನ್ನು ವಿವರಿಸುವುದು ಅನ್ಯಾಯ. ಯಾವ ಪದ ಸಲ್ಲುತ್ತದೆ, ಯಾವುದು ಸಲ್ಲದು ಎಂಬ ಈ ವಿವೇಚನೆ ನಿಘಂಟಿನಲ್ಲಿ ಸಿಗದು. ಸಂಸ್ಕೃತಿ ಅಧ್ಯಯನದ ಶಿಸ್ತು ಇಲ್ಲಿ ಪ್ರಯೋಜನಕ್ಕೆ ಬರುತ್ತದೆ.

5. ಪಾರಿಭಾಷಿಕ ಪದಗಳ ಪ್ರಶ್ನೆ

ಅಮೆರಿಕದಲ್ಲಿ 1973ರಲ್ಲಿ ನಡೆದ ಸಮ್ಮೇಳನದಿಂದ ಆರಂಭವಾಗಿ ‘ನರ್ಸಿಂಗ್ ಡಯಾಗ್ನಸಿಸ್’ ಎಂಬ ಪರಿಕಲ್ಪನೆ ವ್ಯವಸ್ಥಿತವಾಗಿ ಬೆಳೆದಿದೆ. ವೈದ್ಯ ರೋಗವನ್ನು ಹೆಸರಿಸಿದರೆ, ಶುಶ್ರೂಷಕಿ ಆ ರೋಗಕ್ಕೆ ವ್ಯಕ್ತಿ ತೋರುವ ಪ್ರತಿಕ್ರಿಯೆಯನ್ನು ಹೆಸರಿಸುತ್ತಾಳೆ. ನ್ಯುಮೋನಿಯಾ ಎಂಬುದು ವೈದ್ಯನ ನಿರ್ಣಯ. ಕಫ ಹೊರಬಾರದೆ ಉಸಿರಿನ ದಾರಿ ಕಟ್ಟಿಕೊಂಡಿದೆ ಎಂಬುದು ಶುಶ್ರೂಷಕಿಯ ನಿರ್ಣಯ. ಇದಕ್ಕೆ ‘ಶುಶ್ರೂಷಾ ನಿದಾನ’ ಎಂಬ ಪದವನ್ನು ಸೂಚಿಸಬಹುದು. ಶಾಸ್ತ್ರದೃಷ್ಟಿಯಿಂದ ಅದು ಸಾಧು. ಆದರೆ ಅಲ್ಪಪ್ರಾಣ, ಮಹಾಪ್ರಾಣಗಳ ವ್ಯತ್ಯಾಸ ಆಡುಮಾತಿನಲ್ಲಿ ಉಳಿಯದ ಕಡೆ ‘ನಿದಾನ’ವು ‘ನಿಧಾನ’ವಾಗಿ ಕೇಳಿಸಿ, ಶುಶ್ರೂಷೆ ತಡವಾಗುತ್ತಿದೆ ಎಂಬ ಅರ್ಥ ಕೊಟ್ಟರೆ ಆಶ್ಚರ್ಯವಿಲ್ಲ. ಪಾರಿಭಾಷಿಕ ಪದವನ್ನು ಅದರ ಧಾತುವಿನಿಂದಷ್ಟೇ ಅಳೆಯದೆ, ಬಳಸುವವರ ಬಾಯಲ್ಲಿಯೂ ಕೇಳುವವರ ಕಿವಿಯಲ್ಲಿಯೂ ಅದು ಏನಾಗುತ್ತದೆ ಎಂಬುದರಿಂದ ಅಳೆಯಬೇಕು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಶುಶ್ರೂಷೆ ಇಂದು ಜಾಗತಿಕ ವೃತ್ತಿ. ಕರ್ನಾಟಕದಲ್ಲಿ ಕಲಿತವರು ಕೊಲ್ಲಿ ರಾಷ್ಟ್ರಗಳಿಗೂ ಬ್ರಿಟನ್ನಿಗೂ ಹೋಗಿ ದುಡಿಯುತ್ತಿದ್ದಾರೆ. ಬಡ ಕುಟುಂಬದ ಹೆಣ್ಣುಮಗಳೊಬ್ಬಳಿಗೆ ಇಂಗ್ಲಿಷ್ ಬಿಡುಗಡೆಯ ದಾರಿಯಾಗಿರುವಾಗ ಕನ್ನಡದ ಹೆಸರಿನಲ್ಲಿ ಅದಕ್ಕೆ ಅಡ್ಡ ನಿಲ್ಲುವುದು ಯಾರಿಗೂ ಶೋಭಿಸದು. ಔಷಧಗಳ ಹೆಸರು, ಪ್ರಮಾಣ, ಅಳತೆಯ ಘಟಕಗಳು ಎಲ್ಲ ಕಡೆ ಏಕರೂಪವಾಗಿರುವುದು ಸುರಕ್ಷತೆಯ ದೃಷ್ಟಿಯಿಂದಲೂ ಅಗತ್ಯ. ಈ ಆಕ್ಷೇಪದಲ್ಲಿ ಹುರುಳಿದೆ. ಆದ್ದರಿಂದ ಔಷಧ, ಉಪಕರಣ, ಅಂಕಿಅಂಶಗಳ ಭಾಷೆಯನ್ನು ಇದ್ದಂತೆಯೇ ಬಿಡಬೇಕು. ಕ್ಯಾಥೆಟರ್, ಡ್ರೆಸಿಂಗ್, ಬಿ.ಪಿ. ಇವು ಈಗಾಗಲೇ ಕನ್ನಡದ ಪದಗಳೇ ಆಗಿವೆ. ಬದಲಾಗಬೇಕಾದುದು ರೋಗಿಯನ್ನು ಕೇಳುವ, ರೋಗಿಗೆ ಹೇಳುವ, ರೋಗಿಯ ಮಾತನ್ನು ಬರೆದಿಡುವ ಭಾಗ. ಅಷ್ಟಕ್ಕೂ ರೋಗಿಯ ಭಾಷೆಯನ್ನು ಗೌರವಿಸಬೇಕೆಂಬುದು ಜಾಗತಿಕ ಶುಶ್ರೂಷಾಶಾಸ್ತ್ರದ್ದೇ ತತ್ತ್ವ.

ಇನ್ನೊಂದು ಎಚ್ಚರವೂ ಬೇಕು. ಕರ್ನಾಟಕದ ರೋಗಿಗಳೆಲ್ಲರ ಮನೆಮಾತು ಕನ್ನಡವಲ್ಲ. ತುಳು, ಕೊಂಕಣಿ, ಉರ್ದು, ತೆಲುಗು, ಮರಾಠಿ, ಕೊಡವ, ಲಂಬಾಣಿ ನುಡಿಗಳವರೂ ವಾರ್ಡಿನಲ್ಲಿದ್ದಾರೆ. ಇಂಗ್ಲಿಷಿನ ಯಜಮಾನಿಕೆಯನ್ನು ಪ್ರಶ್ನಿಸುವ ಕನ್ನಡ ಇವರ ಮೇಲೆ ತಾನೇ ಯಜಮಾನನಾಗಿ ಕೂರಬಾರದು. ಕನ್ನಡಕ್ಕಾಗಿ ರೂಪಿಸುವ ವಿಧಾನ ಈ ನುಡಿಗಳಿಗೂ ಮಾದರಿಯಾಗುವಂತಿರಬೇಕು.

6. ಕನ್ನಡ ವಿಭಾಗಗಳು ಮಾಡಬಹುದಾದದ್ದು

ಸಾಮಾನ್ಯ ದಿನಗಳಲ್ಲಿ ಈ ಕೊರತೆ ಎದ್ದು ಕಾಣುವುದಿಲ್ಲ. ರೋಗಿಯ ಜೊತೆ ಬಂದ ಮಗನೋ ಸೊಸೆಯೋ ದುಭಾಷಿಯಾಗಿ ನಿಲ್ಲುತ್ತಾರೆ. 2020ರಲ್ಲಿ ಕೋವಿಡ್ ಬಂದಾಗ ಪ್ರತ್ಯೇಕ ವಾರ್ಡುಗಳೊಳಗೆ ಮನೆಯವರಿಗೆ ಪ್ರವೇಶವಿರಲಿಲ್ಲ. ಮುಖ ಮುಚ್ಚಿದ ಕವಚದೊಳಗಿನ ಶುಶ್ರೂಷಕಿಯೇ ಅನೇಕರ ಕೊನೆಯ ಮಾತಿಗೆ ಕಿವಿಯಾದಳು. ತೀವ್ರ ನಿಗಾ ಘಟಕದಲ್ಲಿ ಈ ಸ್ಥಿತಿ ಎಂದಿಗೂ ಇರುವಂಥದ್ದೇ. ದುಭಾಷಿಯಿಲ್ಲದ ಆ ಹೊತ್ತಿನಲ್ಲಿ ಏನು ಕೇಳಿಸಿತು, ಏನು ಕೇಳಿಸದೆ ಹೋಯಿತು ಎಂಬುದು ಭಾಷಾಶಾಸ್ತ್ರದ ಪ್ರಶ್ನೆಯೂ ಹೌದು, ಮನುಷ್ಯನ ಘನತೆಯ ಪ್ರಶ್ನೆಯೂ ಹೌದು.

ಈ ಹಿನ್ನೆಲೆಯಲ್ಲಿ ಮೂರು ಕಾರ್ಯಗಳನ್ನು ಸೂಚಿಸಬಹುದು. ಒಂದು, ರೋಗಿಗಳ ಮಾತಿನ ಕ್ಷೇತ್ರಸಂಗ್ರಹ. ಜಾನಪದ ಅಧ್ಯಯನವು ಗಾದೆ, ಒಗಟು, ಹಾಡುಗಳನ್ನು ಸಂಗ್ರಹಿಸಿದ ಶ್ರದ್ಧೆಯಿಂದಲೇ ನೋವು, ಉಸಿರು, ಹಸಿವು, ವಿಸರ್ಜನೆ, ಮುಟ್ಟು, ಹೆರಿಗೆಗಳ ನುಡಿಗಳನ್ನು ಜಿಲ್ಲಾವಾರು ಸಂಗ್ರಹಿಸಬೇಕು. ರೋಗಿಯ ಒಪ್ಪಿಗೆ ಪಡೆದು, ಗುರುತು ಮರೆಮಾಚಿ, ಶುಶ್ರೂಷಾ ಅಧ್ಯಾಪಕರ ಜೊತೆಗೂಡಿ ಮಾಡಬೇಕಾದ ಕೆಲಸವಿದು. ಒಂದೊಂದು ಜಿಲ್ಲೆಯ ಸಂಗ್ರಹವೂ ಒಂದು ಎಂ.ಫಿಲ್. ಅಥವಾ ಪಿಎಚ್.ಡಿ. ಪ್ರಬಂಧಕ್ಕೆ ಸಾಲುವಷ್ಟು ಸಮೃದ್ಧವಾಗಿರುತ್ತಿತ್ತು, ಎಂ.ಫಿಲ್. ಪದವಿ ಈಗ ರದ್ದಾಗಿರುವುದರಿಂದ ಸ್ನಾತಕೋತ್ತರ ಕಿರುಸಂಶೋಧನೆಗಳಾಗಿಯೂ ಇದನ್ನು ಕೈಗೆತ್ತಿಕೊಳ್ಳಬಹುದು.

ಎರಡು, ಶುಶ್ರೂಷಾ ವಿದ್ಯಾರ್ಥಿಗಳಿಗಾಗಿ ಪ್ರತ್ಯೇಕ ಕನ್ನಡ ಪಠ್ಯ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕನ್ನಡ ಬಲ್ಲವರಿಗಾಗಿ ‘ಸಾಂಸ್ಕೃತಿಕ ಕನ್ನಡ’, ಬಾರದವರಿಗಾಗಿ ‘ಬಳಕೆ ಕನ್ನಡ’ ಎಂಬ ಎರಡು ಪಠ್ಯಗಳನ್ನು ರೂಪಿಸಿದೆ. ಶುಶ್ರೂಷೆಯಲ್ಲಿ ಭಾಷೆಯು ವೃತ್ತಿಯ ಉಪಕರಣವೇ ಆಗಿರುವುದರಿಂದ ಇಲ್ಲಿ ಸಾಮಾನ್ಯ ಸಂಭಾಷಣೆಯ ಪಾಠಗಳು ಸಾಲವು. ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುವ ಸಂಭಾಷಣೆಯ ಬದಲು, ಜ್ವರ ನೋಡುವಾಗ, ಮಗ್ಗುಲು ಬದಲಿಸುವಾಗ, ಹೆರಿಗೆ ನೋವಿನಲ್ಲಿರುವವಳಿಗೆ ಧೈರ್ಯ ಹೇಳುವಾಗ, ಮನೆಗೆ ಕಳುಹಿಸುವಾಗ ಆಡಬೇಕಾದ ಮಾತುಗಳು ಪಾಠವಾಗಬೇಕು. ‘ಅಮ್ಮ’, ‘ಅಜ್ಜ’, ‘ಅಕ್ಕ’, ‘ಯಜಮಾನ್ರೇ’ ಎಂಬ ಸಂಬೋಧನೆಗಳಲ್ಲಿ ಯಾವುದು ಎಲ್ಲಿ ಸಲ್ಲುತ್ತದೆ, ಹಿರಿಯರಿಗೆ ಏಕವಚನ ಏಕೆ ನೋವುಂಟುಮಾಡುತ್ತದೆ ಎಂಬುದೂ ಅಲ್ಲಿರಬೇಕು.

ಮೂರು, ಮೂಲ ಪರಿಕಲ್ಪನೆಗಳ ಪುನರಾವಲೋಕನಕ್ಕೆ ಒಂದು ದ್ವಿಭಾಷಾ ಕೈಪಿಡಿ. ಒಂದೊಂದು ಪರಿಕಲ್ಪನೆಗೂ ಇಂಗ್ಲಿಷಿನ ಸಂಜ್ಞೆ, ಕನ್ನಡದಲ್ಲಿ ಅದರ ವಿವರಣೆ, ರೋಗಿಯನ್ನು ಕೇಳಬೇಕಾದ ಪ್ರಶ್ನೆ, ಬರಬಹುದಾದ ಉತ್ತರಗಳು, ದಾಖಲಿಸುವ ರೀತಿ ಇಷ್ಟು ಇದ್ದರೆ ಸಾಕು. ಕೇಸ್ ಶೀಟಿನಲ್ಲಿ ಇಂಗ್ಲಿಷ್ ವಾಕ್ಯದ ಪಕ್ಕದಲ್ಲಿ ರೋಗಿಯ ಮಾತನ್ನು ಕನ್ನಡ ಲಿಪಿಯಲ್ಲಿಯೇ ಬರೆಯುವ ಅಭ್ಯಾಸವನ್ನು ಅದು ಬೆಳೆಸಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ರೋಗಿಯ ಮಾತಿನಲ್ಲಿಯೇ ಬರೆಯಿರಿ ಎಂಬ ಹಳೆಯ ನಿಯಮವನ್ನು ಪಾಲಿಸಿದರೆ ಸಾಕು.

2008ರಲ್ಲಿ ಶಾಸ್ತ್ರೀಯ ಸ್ಥಾನ ದೊರೆತಾಗ ಕನ್ನಡದ ಪ್ರಾಚೀನತೆಗೆ ಮನ್ನಣೆ ಸಿಕ್ಕಿತು. ಆ ಪ್ರಾಚೀನ ಪದಸಂಪತ್ತಿನಲ್ಲಿರುವ ‘ಆರಯ್’ ಧಾತುವನ್ನು ಗ್ರಂಥಸಂಪಾದನೆಯ ಅಡಿಟಿಪ್ಪಣಿಯಲ್ಲಿ ವಿವರಿಸುವುದು ವಿದ್ವತ್ತಿನ ಕೆಲಸ. ಜಿಲ್ಲಾ ಆಸ್ಪತ್ರೆಯ ವಾರ್ಡಿನಲ್ಲಿ ಹದಿನೆಂಟು ವರ್ಷದ ವಿದ್ಯಾರ್ಥಿನಿಯೊಬ್ಬಳು ‘ಎಲ್ಲಿ ನೋಯುತ್ತದೆ, ಹೇಗೆ ನೋಯುತ್ತದೆ ಹೇಳಿ ಅಜ್ಜಿ’ ಎಂದು ಕೇಳಿ, ಬಂದ ಉತ್ತರವನ್ನು ತಿಳಿದು ಬರೆಯುವಂತೆ ಮಾಡುವುದೂ ಅದೇ ವಿದ್ವತ್ತಿನ ಕೆಲಸವೆಂದು ಕನ್ನಡ ವಿಭಾಗಗಳು ಒಪ್ಪಿಕೊಳ್ಳಬೇಕಾಗಿದೆ.